ಸೋತವನ ಸಾಕ್ಷ್ಯ

ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯು ನ್ಯಾಯಾಲಯದ ಮೆಟ್ಟಿಲನ್ನು ಹತ್ತಿದವರಿಗೆಲ್ಲ ತಿಳಿದದ್ದೇ. ಆದರೆ ಸತ್ತನೆಂದು ಲೋಕವು ಎಣಿಸಿದ್ದ ಸೋತವನು ಇಪ್ಪತ್ತು ವರ್ಷಗಳ ಮೇಲೆ ಎದ್ದು ಬಂದು, ತನ್ನ ವ್ಯಾಜ್ಯದ ಕಡತವನ್ನು ತಾನೇ ಬಿಚ್ಚಿ, ಪ್ರತಿವಾದಿಯ ಹೇಳಿಕೆಗಿಂತ ಮೊದಲು ತನ್ನ ಹೇಳಿಕೆಯನ್ನೇ ಪಾಟೀಸವಾಲಿಗೆ ಗುರಿಮಾಡುವುದು ಅಪರೂಪ. 1985ರಿಂದ 2000ದವರೆಗೆ ಚದುರಂಗದಲ್ಲಿ ಜಗಜ್ಜೇತರಾಗಿದ್ದ ಗ್ಯಾರಿ ಕ್ಯಾಸ್ಪರೋವ್ ಅವರು ಮಿಗ್ ಗ್ರೀನ್‌ಗಾರ್ಡ್ ಅವರ ನೆರವಿನಿಂದ ಬರೆದು 2017ರಲ್ಲಿ ಹೊರತಂದ ‘ಡೀಪ್ ಥಿಂಕಿಂಗ್’ ಎಂಬ ಇಂಗ್ಲಿಷ್ ಗ್ರಂಥವು ಅಂತಹ ಒಂದು ಕೃತಿ. ಯಂತ್ರದ ಬುದ್ಧಿ ಎಲ್ಲಿ ಮುಗಿದು ಮನುಷ್ಯನ ಸೃಷ್ಟಿಶಕ್ತಿ ಎಲ್ಲಿ ಮೊದಲಾಗುತ್ತದೆಂಬುದನ್ನು ತೋರಿಸುವುದಾಗಿ ಅದರ ಉಪಶೀರ್ಷಿಕೆಯು ಮಾತುಕೊಡುತ್ತದೆ. ಆ ಮಾತನ್ನು ಗ್ರಂಥವು ಎಷ್ಟರಮಟ್ಟಿಗೆ ಉಳಿಸಿಕೊಂಡಿದೆ, ಉಳಿಸಿಕೊಳ್ಳದ ಕಡೆಯಲ್ಲಿ ಅದಕ್ಕಿಂತ ಬೆಲೆಯುಳ್ಳ ಮತ್ತೇನನ್ನು ಕೊಟ್ಟಿದೆ ಎಂಬ ಎರಡು ಪ್ರಶ್ನೆಗಳು ಇಲ್ಲಿ ವಿಚಾರಾರ್ಹವಾಗಿವೆ.

ಕಥಾವಸ್ತು ಲೋಕಪ್ರಸಿದ್ಧವಾದದ್ದು. 1985ರ ಜೂನ್ 6ರಂದು ಹ್ಯಾಂಬರ್ಗ್ ನಗರದಲ್ಲಿ ಕ್ಯಾಸ್ಪರೋವ್ ಅವರು 32 ಗಣಕಯಂತ್ರಗಳೊಡನೆ ಏಕಕಾಲದಲ್ಲಿ ಆಡಿ 32 ಆಟಗಳನ್ನೂ ಗೆದ್ದರು. ಗ್ರಂಥವು ಆರಂಭವಾಗುವುದು ಈ ಚಿತ್ರದಿಂದಲೇ. ಆಗ ಆ ಗೆಲವು ಯಾರಿಗೂ ಸೋಜಿಗವೆನಿಸಲಿಲ್ಲ. ಹನ್ನೆರಡು ವರ್ಷಗಳು ಕಳೆಯುವಷ್ಟರಲ್ಲಿ, 1997ರ ಮೇ ತಿಂಗಳಿನಲ್ಲಿ, ನ್ಯೂಯಾರ್ಕ್ ನಗರದ ಒಂದು ಎತ್ತರದ ಕಟ್ಟಡದಲ್ಲಿ ಐಬಿಎಂ ಸಂಸ್ಥೆಯ ‘ಡೀಪ್ ಬ್ಲೂ’ ಎಂಬ ಒಂದೇ ಯಂತ್ರದ ಎದುರು ಅವರು ಆರು ಆಟಗಳ ಪಂದ್ಯದಲ್ಲಿ ಎರಡೂವರೆ ಅಂಶಗಳನ್ನು ಮಾತ್ರ ಗಳಿಸಿದರು. ಯಂತ್ರವು ಮೂರೂವರೆ ಗಳಿಸಿತು. ಹಿಂದಿನ ವರ್ಷ ಫಿಲಡೆಲ್ಫಿಯದಲ್ಲಿ ಅದೇ ಹೆಸರಿನ ಯಂತ್ರವನ್ನು ಅವರು ನಾಲ್ಕಕ್ಕೆ ಎರಡರಂತೆ ಸೋಲಿಸಿದ್ದರೆಂಬುದನ್ನು ಲೋಕವು ಬೇಗನೆ ಮರೆಯಿತು. ಹ್ಯಾಂಬರ್ಗಿನ ಮೂವತ್ತೆರಡು ಗೆಲವುಗಳನ್ನೂ ನ್ಯೂಯಾರ್ಕಿನ ಒಂದು ಸೋಲನ್ನೂ ಎದುರುಬದುರಾಗಿ ನಿಲ್ಲಿಸಿ, ನಡುವಣ ಹನ್ನೆರಡು ವರ್ಷಗಳಲ್ಲಿ ಬದಲಾದದ್ದೇನೆಂದು ಕೇಳುವಲ್ಲಿ ಗ್ರಂಥಕರ್ತರ ಕಥನಕೌಶಲವು ಚೆನ್ನಾಗಿ ವ್ಯಕ್ತವಾಗಿದೆ.

ಯಂತ್ರವು ಚದುರಂಗವನ್ನು ಆಡುವ ಬಗೆಯೆಂತು? ಈ ವಿಷಯದಲ್ಲಿ ಗ್ರಂಥದ ವಿವರಣೆಯು ತಿಳಿಯಾಗಿದೆ. ಸಾಮಾನ್ಯವಾಗಿ ಮಣೆಯ ಮೇಲಿನ ಯಾವುದೊಂದು ಸ್ಥಿತಿಯಲ್ಲಿಯೂ ಮೂವತ್ತು ನಲವತ್ತು ನ್ಯಾಯವಾದ ನಡೆಗಳಿರುತ್ತವೆ. ಅವುಗಳಲ್ಲಿ ಒಂದೊಂದಕ್ಕೂ ಎದುರಾಳಿಯಲ್ಲಿ ಅಷ್ಟೇ ಉತ್ತರಗಳು. ಆ ಉತ್ತರಗಳಿಗೆ ಮತ್ತಷ್ಟು ಪ್ರತ್ಯುತ್ತರಗಳು. ಹೀಗೆ ಕೊಂಬೆಗೆ ಕೊಂಬೆ ಒಡೆದು ಬೆಳೆಯುವ ಮರದ ತುದಿಯಲ್ಲಿ, ಯಾವ ಪಕ್ಷದ ಬಲ ಎಷ್ಟೆಂದು ಯಂತ್ರವು ಅಂಕಿಯಿಂದ ಅಳೆಯುತ್ತದೆ. ಕಾಲಾಳಿಗೆ ಒಂದಾದರೆ ಕುದುರೆಗೆ ಮೂರು, ಆನೆಗೆ ಐದು, ಮಂತ್ರಿಗೆ ಒಂಬತ್ತು. ಇವುಗಳ ಜೊತೆಗೆ ರಾಜನ ಕ್ಷೇಮ, ಕಾಯಿಗಳ ನಿಲವು ಮುಂತಾದವುಗಳಿಗೂ ಬೆಲೆಯುಂಟು. ಎದುರಾಳಿಯು ತನಗೆ ಅತ್ಯಂತ ಕೇಡಾದ ಉತ್ತರವನ್ನೇ ಕೊಡುವನೆಂದು ಮೊದಲೇ ಗ್ರಹಿಸಿ, ಆ ಕೇಡುಗಳಲ್ಲಿ ಕಡಮೆಯಾದುದನ್ನು ಅದು ಆರಿಸುತ್ತದೆ. ನೋಡಿ ಫಲವಿಲ್ಲವೆಂದು ಖಚಿತವಾದ ಕೊಂಬೆಗಳನ್ನು ಮೊದಲೇ ಕಡಿದುಹಾಕುತ್ತದೆ. ಕ್ಲಾಡ್ ಷ್ಯಾನನ್ ಅವರು ಈ ಕ್ರಮವನ್ನು 1949ರಲ್ಲಿ ಉಪನ್ಯಾಸರೂಪವಾಗಿ ವಿವರಿಸಿ 1950ರಲ್ಲಿ ಲೇಖನವಾಗಿ ಪ್ರಕಟಿಸಿದರು. ಚದುರಂಗದಲ್ಲಿ ಸಂಭವಿಸಬಲ್ಲ ಆಟಗಳ ಸಂಖ್ಯೆಯು ಒಂದರ ಮುಂದೆ 120 ಸೊನ್ನೆಗಳಷ್ಟೆಂದು ಅಂದಾಜುಮಾಡಿದವರೂ ಅವರೇ. ಎಲ್ಲವನ್ನೂ ನೋಡುವುದೊಂದು ದಾರಿ, ನೋಡತಕ್ಕದ್ದನ್ನು ಮಾತ್ರ ಆರಿಸಿ ನೋಡುವುದು ಇನ್ನೊಂದು ದಾರಿ ಎಂದು ಅವರು ವಿಂಗಡಿಸಿದ್ದರು. ‘ಡೀಪ್ ಬ್ಲೂ’ ಮುಖ್ಯವಾಗಿ ಹಿಡಿದದ್ದು ಮೊದಲನೆಯ ದಾರಿಯನ್ನೇ. ಚದುರಂಗಕ್ಕೆಂದೇ ಎರಕಗೊಂಡ 480 ಬಿಲ್ಲೆಗಳ ಬಲದಿಂದ ಅದು ಕ್ಷಣವೊಂದಕ್ಕೆ ಸುಮಾರು 20 ಕೋಟಿ ಸ್ಥಿತಿಗಳನ್ನು ಎಣಿಸುತ್ತಿತ್ತು. ಇಂತಹ ಯಂತ್ರವನ್ನು ಬುದ್ಧಿವಂತವೆಂದು ಕರೆಯುವುದಾದರೆ ಹೊತ್ತಿಗೆ ಸರಿಯಾಗಿ ಎಬ್ಬಿಸುವ ಗಡಿಯಾರವನ್ನೂ ಹಾಗೆಯೇ ಕರೆಯಬೇಕಾದೀತೆಂದು ಗ್ರಂಥಕರ್ತರು ಪರಿಹಾಸ್ಯ ಮಾಡುತ್ತಾರೆ. ಆದರೆ ಗಡಿಯಾರಕ್ಕೆ ಸೋತವನ ದುಃಖವು ಅದರಿಂದ ಕಡಮೆಯಾಗದೆಂಬುದನ್ನೂ ಒಡನೆಯೇ ಒಪ್ಪುತ್ತಾರೆ.

ಗ್ರಂಥದ ಪ್ರಾಣವಿರುವುದು ಪಂದ್ಯವನ್ನು ಕುರಿತ ಅಧ್ಯಾಯಗಳಲ್ಲಿ. ಅವುಗಳಲ್ಲಿಯೂ ಎರಡನೆಯ ಮತ್ತು ಆರನೆಯ ಆಟಗಳ ವರ್ಣನೆಯಲ್ಲಿ. ಮೊದಲನೆಯ ಆಟವನ್ನು ಗೆದ್ದ ಕ್ಯಾಸ್ಪರೋವ್ ಅವರು ಎರಡನೆಯದರಲ್ಲಿ ಎದುರಾಳಿಗೆ ಒಂದು ಆಮಿಷವನ್ನೊಡ್ಡಿದರು. ಮಂತ್ರಿಯಿಂದ ನುಗ್ಗಿ ಕಾಲಾಳುಗಳನ್ನು ಕಬಳಿಸುವುದು ಅಲ್ಲಿ ಸುಲಭವಾಗಿತ್ತು. ಯಂತ್ರಗಳ ಜಾತಿಸ್ವಭಾವವೂ ಅದೇ ಎಂಬುದು ಆ ಕಾಲದ ನಂಬಿಕೆ. ಯಂತ್ರವು ಹಾಗೆ ಮಾಡಲಿಲ್ಲ. ಲೋಭವನ್ನು ಬಿಟ್ಟು, ಎದುರಾಳಿಯ ಉಸಿರನ್ನೇ ಕಟ್ಟುವ ಮೌನವಾದ ನಡೆಗಳನ್ನು ಆರಿಸಿತು. ಆ ಸಂಯಮದಲ್ಲಿ ಮನುಷ್ಯನೊಬ್ಬನ ಕೈ ಅಡಗಿರಬೇಕೆಂಬ ಸಂಶಯವು ಜಗಜ್ಜೇತರ ಮನಸ್ಸನ್ನು ಹೊಕ್ಕಿತು. ಮನಸ್ಸು ಕದಡಿ, ಕೊನೆಯ ಸ್ಥಿತಿಯನ್ನು ಆಳವಾಗಿ ನೋಡದೆಯೇ ಅವರು ಸೋಲನ್ನು ಒಪ್ಪಿಕೊಂಡರು. ಮೇಲಿಂದ ಮೇಲೆ ರಾಜನಿಗೆ ಶಹ ಕೊಡುತ್ತ ಆಟವನ್ನು ಸಮವಾಗಿ ಮುಗಿಸುವ ದಾರಿಯು ಅಲ್ಲಿಯೇ ಇತ್ತೆಂದು ಮಾರನೆಯ ದಿನ ಸಹಾಯಕರು ತಿಳಿಸಿದಾಗ ಉಂಟಾದ ಎದೆಯೊಡಕನ್ನು ಅವರು ಮರೆಮಾಚದೆ ಬರೆದಿದ್ದಾರೆ. ಅನಂತರದ ಮೂರು ಆಟಗಳು ಸಮವಾದವು. ಆರನೆಯದರಲ್ಲಿ ಅವರು ಕಪ್ಪು ಕಾಯಿಗಳನ್ನು ಹಿಡಿದು, ಕಾರೋ-ಕಾನ್ ಎಂಬ ಪ್ರಾರಂಭಪದ್ಧತಿಯಲ್ಲಿ, ತಜ್ಞರು ಅಪಾಯವೆಂದು ಬಲ್ಲ ಒಂದು ನಡೆಯನ್ನು ಏಳನೆಯದಾಗಿ ಆಡಿದರು. ಯಂತ್ರವು ಎಂಟನೆಯ ನಡೆಯಲ್ಲಿ ಕುದುರೆಯನ್ನು ಬಲಿಕೊಟ್ಟು ರಾಜನ ಕೋಟೆಯನ್ನು ಸೀಳಿತು. ಹತ್ತೊಂಬತ್ತು ನಡೆಗಳಲ್ಲಿ ಎಲ್ಲವೂ ಮುಗಿದುಹೋಯಿತು.

ಈ ಎರಡು ಆಟಗಳನ್ನು ಜೊತೆಗಿಟ್ಟು ಓದುವ ವಾಚಕನಿಗೆ ಗ್ರಂಥಕರ್ತರು ಬಾಯಿಬಿಟ್ಟು ಹೇಳದ ಒಂದು ಸತ್ಯವು ಹೊಳೆಯದಿರದು. ಎರಡನೆಯ ಆಟದಲ್ಲಿ ಅವರು ಯಂತ್ರವು ಎಲ್ಲವನ್ನೂ ಕಂಡಿರುತ್ತದೆಂದು ನಂಬಿ, ತಾವು ನೋಡಬೇಕಾದುದನ್ನು ನೋಡಲಿಲ್ಲ. ಆರನೆಯದರಲ್ಲಿ, ಕೈಗೆ ಲಾಭ ಕಾಣದ ಬಲಿಯನ್ನು ಯಂತ್ರವು ಎಂದಿಗೂ ಕೊಡಲಾರದೆಂದು ನಂಬಿ, ಬಲ್ಲ ಅಪಾಯದೊಳಕ್ಕೆ ತಾವಾಗಿಯೇ ಕಾಲಿಟ್ಟರು. ಮೊದಲನೆಯದು ಅತಿಭಕ್ತಿ, ಎರಡನೆಯದು ಅನಾದರ. ಎರಡರ ಬೇರೂ ಒಂದೇ: ಮಣೆಯ ಮೇಲಿನ ಕಾಯಿಗಳನ್ನು ಬಿಟ್ಟು ಮಣೆಯಾಚೆಗಿನ ಭೂತವೊಂದರೊಡನೆ ಸೆಣಸಿದುದು. ಕುದುರೆಯ ಆ ಬಲಿಯಾದರೂ ಯಂತ್ರವು ಎಣಿಸಿ ಕಂಡದ್ದಲ್ಲ. ಅದರ ಪ್ರಾರಂಭನಡೆಗಳ ಸಂಗ್ರಹದಲ್ಲಿ ಮನುಷ್ಯರು ಮೊದಲೇ ಬರೆದಿಟ್ಟಿದ್ದ ನಡೆಯೆಂದು ಯಂತ್ರದ ಪಕ್ಷದವರೇ ಅನಂತರ ತಿಳಿಸಿದ್ದಾರೆ. ಮನುಷ್ಯನ ಕೈಯಿದೆಯೆಂದು ಅವರು ಸಂಶಯಪಟ್ಟ ಕಡೆಯಲ್ಲಿದ್ದದ್ದು ಯಂತ್ರ. ಯಂತ್ರ ಮಾತ್ರವೇ ಇದೆಯೆಂದು ಅವರು ನೆಚ್ಚಿದ ಕಡೆಯಲ್ಲಿ ಮನುಷ್ಯನ ಕೈ ಇತ್ತು. ನಾಟಕಕಾರನು ಕಲ್ಪಿಸಿದ್ದರೆ ಅತಿಯಾಯಿತೆನ್ನಬಹುದಾದ ಇಂತಹ ವಿಪರ್ಯಾಸವು ನಿಜವೃತ್ತಾಂತದಲ್ಲಿ ತಾನಾಗಿ ಒದಗಿದೆ.

ಈ ಸಂಶಯಕ್ಕೆ ಒಂದು ಪೂರ್ವಕಥೆಯೂ ಉಂಟು. 1770ರ ಸುಮಾರಿಗೆ ಕೆಂಪೆಲೆನ್ ಎಂಬವನು ವಿಯೆನ್ನದಲ್ಲಿ ಮಾರಿಯಾ ತೆರೇಸಾ ಮಹಾರಾಣಿಯ ಆಸ್ಥಾನಕ್ಕೆ ತಂದ, ತುರುಕನ ವೇಷದ ಚದುರಂಗದ ಬೊಂಬೆಯೊಳಗೆ ಮನುಷ್ಯನೊಬ್ಬನು ಅಡಗಿ ಕುಳಿತು ಆಡುತ್ತಿದ್ದನು. ನೋಡಿದವರಲ್ಲಿ ಬಹುಮಂದಿ ಅದನ್ನು ಯಂತ್ರವೆಂದೇ ನಂಬಿದರು. ಎಡ್ಗರ್ ಅಲನ್ ಪೋ 1836ರಲ್ಲಿ ಅದನ್ನು ಕುರಿತು ಪ್ರಬಂಧವೊಂದನ್ನು ಬರೆದು ಒಳಗೆ ಮನುಷ್ಯನಿರಲೇಬೇಕೆಂದು ವಾದಿಸಿದನು. ಅಂದಿನ ಸಂಶಯ ಸರಿಯಾಗಿತ್ತು, 1997ರ ಸಂಶಯ ತಪ್ಪಾಗಿತ್ತು. ಕನ್ನಡದ ವಾಚಕರಿಗೆ ಇಲ್ಲಿ ಭಾರತದ ದ್ಯೂತಸಭೆಯು ನೆನಪಿಗೆ ಬರುವುದು ಸಹಜ. ಪಣವನ್ನೊಡ್ಡುವವನು ದುರ್ಯೋಧನ, ದಾಳವನ್ನು ಹಾಕುವವನು ಶಕುನಿ. ಒಬ್ಬನಿಗಾಗಿ ಮತ್ತೊಬ್ಬನು ಆಡುವುದು ಸಮವಲ್ಲವೆಂದು ಧರ್ಮರಾಯನು ಆಕ್ಷೇಪಿಸಿದರೂ ಕುಳಿತ ಮಣೆಯಿಂದ ಏಳಲಿಲ್ಲ. ನ್ಯೂಯಾರ್ಕಿನಲ್ಲಿಯೂ ಪಣವನ್ನೊಡ್ಡಿದ್ದು ಒಂದು ಸಂಸ್ಥೆ. ಗೆದ್ದವರಿಗೆ 7 ಲಕ್ಷ ಡಾಲರು, ಸೋತವರಿಗೆ 4 ಲಕ್ಷ. ಎಣಿಸುವುದು ಯಂತ್ರ; ಅದರ ಪರವಾಗಿ ಕಾಯಿಗಳನ್ನು ನಡಸುವುದು ಅದನ್ನು ಕಟ್ಟಿದವರಲ್ಲಿ ಒಬ್ಬರು; ಆಟಗಳ ನಡುವೆ ಅದನ್ನು ತಿದ್ದುವುದಕ್ಕೆ ಚದುರಂಗದ ಪಂಡಿತರು. ಆದರೆ ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಅನ್ಯಾಯ. ಇಲ್ಲಿ ಕಪಟದ ದಾಳವಿರಲಿಲ್ಲ. ನಿಯಮಗಳನ್ನು ಎರಡು ಪಕ್ಷಗಳೂ ಮೊದಲೇ ಒಪ್ಪಿದ್ದವು. ಆಗಿನ ಕೋಪದಲ್ಲಿ ತಾವು ಆಡಿದ ಮಾತುಗಳು ಸೋಲನ್ನು ಸಹಿಸಲಾರದವನ ಮಾತುಗಳೆಂದೂ, ವಂಚನೆಯ ಆಪಾದನೆಗೆ ಆಧಾರ ಸಾಲದೆಂದೂ ಕ್ಯಾಸ್ಪರೋವ್ ಅವರು ಈ ಗ್ರಂಥದಲ್ಲಿ ಬಹುಮಟ್ಟಿಗೆ ಒಪ್ಪಿಕೊಂಡಿರುವುದು ಅವರ ದೊಡ್ಡತನ. ಹೊಸ ಕಾಲದ ಯಂತ್ರಗಳ ಸಹಾಯದಿಂದ ಆ ಆರು ಆಟಗಳನ್ನು ಮರಳಿ ಪರೀಕ್ಷಿಸಿ, ತಾವೂ ಚೆನ್ನಾಗಿ ಆಡಲಿಲ್ಲ, ‘ಡೀಪ್ ಬ್ಲೂ’ ಕೂಡ ತಾವು ಹೆದರಿದಷ್ಟು ಚೆನ್ನಾಗಿ ಆಡಲಿಲ್ಲವೆಂದು ತೀರ್ಪುಕೊಡುವಲ್ಲಿ ಆ ದೊಡ್ಡತನವು ಪಾಂಡಿತ್ಯದೊಡನೆ ಸೇರಿದೆ.

ಆದಾಗ್ಯೂ ಒಂದು ದೋಷವನ್ನು ಹೇಳದೆ ಇರಲಾಗದು. ವಾದಿಯೂ ನ್ಯಾಯಾಧಿಪತಿಯೂ ಒಬ್ಬರೇ ಆದ ಕಡೆಯಲ್ಲಿ ಪ್ರತಿಪಕ್ಷದ ಧ್ವನಿಯು ಮಂದವಾಗುವುದು ತಪ್ಪದು. ಯಂತ್ರವನ್ನು ಕಟ್ಟಿದವರ ಬದುಕು ಈ ಗ್ರಂಥದಲ್ಲಿ ನೆರಳಿನಂತೆ ಸುಳಿದು ಮರೆಯಾಗುತ್ತದೆ. ಅದನ್ನು ತುಂಬಿಕೊಳ್ಳಬಯಸುವವರು ಯಂತ್ರದ ಮುಖ್ಯಶಿಲ್ಪಿ ಫೆಂಗ್-ಸ್ಯುಂಗ್ ಷು ಅವರು 2002ರಲ್ಲಿ ಬರೆದ ‘ಬಿಹೈಂಡ್ ಡೀಪ್ ಬ್ಲೂ’ ಎಂಬ ಪುಸ್ತಕವನ್ನು ಓದಬೇಕು. 1985ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಕೈಹಚ್ಚಿದ ಕೆಲಸವನ್ನು ಷು ಅವರು ಹನ್ನೆರಡು ವರ್ಷ ಬಿಡದೆ ನಡಸಿದರು. ಮರ್ರೆ ಕ್ಯಾಂಬೆಲ್, ಜೋಸೆಫ್ ಹೋನ್ ಮೊದಲಾದವರು ಅವರೊಡನೆ ದುಡಿದರು. ಆ ಪಂದ್ಯವು ಮನುಷ್ಯನಿಗೂ ಯಂತ್ರಕ್ಕೂ ನಡೆದದ್ದಲ್ಲ, ಆಡುವ ಮನುಷ್ಯನಿಗೂ ಉಪಕರಣವನ್ನು ಕಟ್ಟುವ ಮನುಷ್ಯನಿಗೂ ನಡೆದದ್ದೆಂಬುದು ಷು ಅವರ ವಾದದ ತಿರುಳು. ಇದು ಒಪ್ಪತಕ್ಕ ಮಾತು. ವೀಣೆಯನ್ನು ನುಡಿಸುವವನ ಕೀರ್ತಿಯಲ್ಲಿ ವೀಣೆಯನ್ನು ಕೆತ್ತಿದವನ ಪಾಲೂ ಉಂಟು. ಇಲ್ಲಿ ವೀಣೆಯು ತಾನೇ ನುಡಿದದ್ದರಿಂದ ಕೆತ್ತಿದವನ ಪಾಲು ಎದ್ದು ಕಾಣಬೇಕಾಗಿತ್ತು. ಆದರೆ ಷು ಅವರಲ್ಲಿ ಕ್ಯಾಸ್ಪರೋವ್ ಅವರ ಆತ್ಮಪರೀಕ್ಷೆಯಿಲ್ಲ. ಗೆದ್ದವನಿಗೆ ಅದರ ಅಗತ್ಯವು ಕಾಣುವುದೂ ಕಷ್ಟ. ಸಾಹಿತ್ಯದೃಷ್ಟಿಯಿಂದ ಸೋತವನ ಪುಸ್ತಕವೇ ಮೇಲು, ಚರಿತ್ರದೃಷ್ಟಿಯಿಂದ ಎರಡೂ ಬೇಕು. ಮರುಪಂದ್ಯವಿಲ್ಲದೆ ಯಂತ್ರವನ್ನು ನಿಲ್ಲಿಸಿ, ಅದರ ಎರಡು ಭಾಗಗಳನ್ನು ಎರಡು ವಸ್ತುಸಂಗ್ರಹಾಲಯಗಳಲ್ಲಿ ಇರಿಸಿರುವುದರಿಂದ ಈ ವ್ಯಾಜ್ಯಕ್ಕೆ ಪುಸ್ತಕಗಳಲ್ಲದೆ ಬೇರೆ ಮೇಲುಕೋರ್ಟು ಇಲ್ಲ.

ಇನ್ನು ಉಪಶೀರ್ಷಿಕೆಯು ಎತ್ತಿದ ದೊಡ್ಡ ಪ್ರಶ್ನೆ. ಎಣಿಕೆಯಿಂದ ಹುಟ್ಟಿದ್ದು ಕಲೆಯಾಗಬಲ್ಲುದೆ? ಭಾರತೀಯ ಅಲಂಕಾರಶಾಸ್ತ್ರವು ಇದರ ಹತ್ತಿರದ ಪ್ರಶ್ನೆಯೊಂದನ್ನು ಬಹುಕಾಲದ ಹಿಂದೆಯೇ ಎದುರಿಸಿದೆ. ಚದುರಂಗದ ಕುದುರೆಯು ಮಣೆಯ ಮನೆಗಳನ್ನು ಒಂದನ್ನೂ ಬಿಡದೆ, ಒಂದಕ್ಕೆ ಎರಡನೆಯ ಸಲ ಬರದೆ ಸುತ್ತುವ ಕ್ರಮವನ್ನು ಶ್ಲೋಕದ ಅಕ್ಷರಗಳಲ್ಲಿ ಹುದುಗಿಸುವ ಬಂಧವನ್ನು ರುದ್ರಟನು ಒಂಬತ್ತನೆಯ ಶತಮಾನದಲ್ಲಿಯೇ ತನ್ನ ‘ಕಾವ್ಯಾಲಂಕಾರ’ದಲ್ಲಿ ತೋರಿಸಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರಿಗೂ ಕುದುರೆಯ ಈ ಸಂಚಾರವು ಪ್ರಿಯವಾದ ವಿನೋದವಾಗಿತ್ತು. ಇಂತಹ ಚಿತ್ರಬಂಧಗಳ ಜಾಣ್ಮೆಯನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಮಮ್ಮಟನು ಚಿತ್ರಕಾವ್ಯವನ್ನು ಧ್ವನಿಕಾವ್ಯಕ್ಕಿಂತ ಬಹಳ ಕೆಳಗೆ, ಮೂರನೆಯ ತರಗತಿಯಲ್ಲಿ ಇರಿಸಿದನು. ಅಲ್ಲಿ ಶ್ರಮವುಂಟು, ಚಮತ್ಕಾರವುಂಟು; ಸಹೃದಯನ ಎದೆಯಲ್ಲಿ ಉಳಿದು ಅನುರಣಿಸುವ ಅರ್ಥವಿಲ್ಲ. ಕ್ಯಾಸ್ಪರೋವ್ ಅವರು ಎಳೆಯುವ ಗಡಿಯೂ ಹೆಚ್ಚುಕಡಮೆ ಇದೇ: ಯಂತ್ರದ ಆಟವು ಚಿತ್ರಬಂಧ, ಮನುಷ್ಯನ ಆಟವು ಪ್ರತಿಭೆ.

ಗಡಿಯು ಅಂದವಾಗಿದೆ, ಗಟ್ಟಿಯಾಗಿಲ್ಲ. ಗ್ರಂಥವು ಹೊರಬಂದ ವರ್ಷದ ಡಿಸೆಂಬರಿನಲ್ಲಿಯೇ ‘ಆಲ್ಫಾಝೀರೋ’ ಎಂಬ ಹೊಸ ಬಗೆಯ ಯಂತ್ರಕ್ರಮದ ಸುದ್ದಿಯು ಹಬ್ಬಿತು. ಅದಕ್ಕೆ ಕಲಿಸಿದ್ದು ಆಟದ ನಿಯಮಗಳನ್ನು ಮಾತ್ರ. ಮನುಷ್ಯರ ಆಟಗಳ ಸಂಗ್ರಹವಾಗಲಿ, ಕಾಯಿಗಳ ಬೆಲೆಯ ಪಟ್ಟಿಯಾಗಲಿ ಅದಕ್ಕೆ ದೊರೆಯಲಿಲ್ಲ. ತನ್ನೊಡನೆ ತಾನೇ ಅಸಂಖ್ಯವಾಗಿ ಆಡಿ, ಸೋಲು ಗೆಲವುಗಳಿಂದಲೇ ಕಲಿತು, ಕೆಲವೇ ಗಂಟೆಗಳಲ್ಲಿ ಅದು ಪ್ರೌಢಿಮೆಯನ್ನು ಪಡೆಯಿತು. 2018ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ವರದಿಯಂತೆ, ಆಗಿನ ಪ್ರಬಲ ಯಂತ್ರಗಳಲ್ಲೊಂದಾದ ‘ಸ್ಟಾಕ್‌ಫಿಷ್’ನೊಡನೆ 1000 ಆಟಗಳನ್ನಾಡಿ ಅದು 155ನ್ನು ಗೆದ್ದು 6ನ್ನು ಮಾತ್ರ ಸೋತಿತು. ವಿಚಾರಮಾಡತಕ್ಕ ಸಂಗತಿಯೆಂದರೆ, ‘ಸ್ಟಾಕ್‌ಫಿಷ್’ ಕ್ಷಣಕ್ಕೆ ಸುಮಾರು 6 ಕೋಟಿ ಸ್ಥಿತಿಗಳನ್ನು ನೋಡುತ್ತಿದ್ದಾಗ ‘ಆಲ್ಫಾಝೀರೋ’ ನೋಡುತ್ತಿದ್ದದ್ದು ಸುಮಾರು 60 ಸಾವಿರವನ್ನು. ಷ್ಯಾನನ್ ಅವರು ಹೇಳಿದ ಎರಡನೆಯ ದಾರಿಯು, ಎಂದರೆ ನೋಡತಕ್ಕದ್ದನ್ನು ಆರಿಸಿ ನೋಡುವ ದಾರಿಯು, ಕೊನೆಗೆ ತೆರೆದಂತಾಯಿತು. ಅದರ ಆಟದಲ್ಲಿ ದೂರದ ಫಲಕ್ಕಾಗಿ ಹತ್ತಿರದ ಕಾಯಿಯನ್ನು ತೊರೆಯುವ ಧೈರ್ಯವಿತ್ತು. ಅದೇ ಪತ್ರಿಕೆಯಲ್ಲಿ ಕ್ಯಾಸ್ಪರೋವ್ ಅವರೇ ಲೇಖನವನ್ನು ಬರೆದು, ಅದರ ಚುರುಕಾದ ಶೈಲಿಯು ತಮ್ಮ ಶೈಲಿಯನ್ನು ಹೋಲುತ್ತದೆಂದು ಸಂತೋಷಪಟ್ಟರು. ಒಂದೇ ವರ್ಷದ ಹಿಂದೆ ತಾವು ಎಳೆದ ಗಡಿಯನ್ನು ಯಂತ್ರವು ದಾಟಿ ಬಂದುದನ್ನು ಕಂಡು ಕೈನೀಡಿ ಬರಮಾಡಿಕೊಂಡಂತೆ ಇದಾಯಿತು. ಹೀಗಾಗಿ ಉಪಶೀರ್ಷಿಕೆಯ ಮಾತು ಉಳಿಯಲಿಲ್ಲವೆಂದೇ ಹೇಳಬೇಕು.

ಗ್ರಂಥದ ಕಡೆಯ ಅಧ್ಯಾಯಗಳೂ ಇದೇ ಕಾರಣದಿಂದ ದುರ್ಬಲವಾಗಿವೆ. 1998ರಲ್ಲಿ ಸ್ಪೇನಿನ ಲಿಯೋನ್ ನಗರದಲ್ಲಿ ಕ್ಯಾಸ್ಪರೋವ್ ಅವರು, ಇಬ್ಬರು ಆಟಗಾರರೂ ಒಂದೊಂದು ಯಂತ್ರವನ್ನು ಪಕ್ಕದಲ್ಲಿಟ್ಟುಕೊಂಡು ಆಡುವ ಪದ್ಧತಿಯನ್ನು ಆರಂಭಿಸಿದರು. 2005ರಲ್ಲಿ ಇಂತಹದೇ ಮುಕ್ತವಾದ ಸ್ಪರ್ಧೆಯೊಂದನ್ನು, ಸಾಮಾನ್ಯ ಆಟಗಾರರಿಬ್ಬರು ಮೂರು ಯಂತ್ರಗಳನ್ನು ಜಾಣತನದಿಂದ ಬಳಸಿ, ಯಂತ್ರಸಹಿತರಾದ ಮಹಾಪಂಡಿತರನ್ನು ಹಿಂದೆಹಾಕಿ ಗೆದ್ದರು. ಇದರಿಂದ, ಕ್ರಮವು ಒಳ್ಳೆಯದಾದರೆ ಸಾಧಾರಣ ಮನುಷ್ಯನೂ ಯಂತ್ರವೂ ಕೂಡಿದ ಜೋಡಿಯು ಬರಿಯ ಯಂತ್ರಕ್ಕಿಂತ ಮೇಲೆಂಬ ಸಿದ್ಧಾಂತವನ್ನು ಅವರು ತೆಗೆದು, ಅದನ್ನು ವೈದ್ಯ, ವ್ಯಾಪಾರ, ಶಿಕ್ಷಣ ಎಲ್ಲಕ್ಕೂ ಹಬ್ಬಿಸುತ್ತಾರೆ. 2005ಕ್ಕೆ ನಿಜವಾದದ್ದು ಎಲ್ಲ ಕಾಲಕ್ಕೂ ನಿಜವಾಗಬೇಕಾಗಿಲ್ಲ. ಯಂತ್ರವು ಬಲಿತಂತೆಲ್ಲ ಮಣೆಯ ಮೇಲೆ ಜೊತೆಗಾರನು ಸೇರಿಸಬಲ್ಲದ್ದು ಕಡಮೆಯಾಗುತ್ತ ಬಂದು, ಈಗ ಅವನು ಅಡ್ಡಬಾರದಿದ್ದರೆ ಸಾಕೆಂಬಂತಾಗಿದೆ. ಪಂದ್ಯದ ಅಧ್ಯಾಯಗಳಲ್ಲಿ ಒಂದೊಂದು ನಡೆಯನ್ನೂ ನಿಷ್ಠುರವಾಗಿ ತೂಗಿದ ಲೇಖನಿಯು ಇಲ್ಲಿ ಆಸೆಯನ್ನೇ ಪ್ರಮಾಣವೆಂದು ಹಿಡಿದಿದೆ. ಆಸೆಯು ದೋಷವಲ್ಲ, ಸಿದ್ಧಾಂತದ ವೇಷದಲ್ಲಿ ಬಂದಾಗ ಮಾತ್ರ ಅದನ್ನು ತಡೆದು ಕೇಳಬೇಕಾಗುತ್ತದೆ.

ಹಾಗಾದರೆ ಮನುಷ್ಯನಿಗೆ ಉಳಿದದ್ದೇನು? ಉತ್ತರವು ಗ್ರಂಥದ ಸಿದ್ಧಾಂತಭಾಗದಲ್ಲಿಲ್ಲ, ಅದರ ಕಥಾಭಾಗದಲ್ಲಿದೆ. ‘ಡೀಪ್ ಬ್ಲೂ’ ಗೆದ್ದ ಗಳಿಗೆಯಲ್ಲಿ ಅದಕ್ಕೆ ಗೆಲವೆಂಬುದು ತಿಳಿಯಲಿಲ್ಲ. ಸಂಶಯ, ಭಯ, ಅಭಿಮಾನ, ಪಶ್ಚಾತ್ತಾಪ, ಇಪ್ಪತ್ತು ವರ್ಷಗಳ ಮೇಲೆ ಬಂದ ಪ್ರಸನ್ನತೆ, ಇವೆಲ್ಲವೂ ಮಣೆಯ ಒಂದೇ ಪಕ್ಕದಲ್ಲಿದ್ದವು. ರಸಕ್ಕೆ ವಿಭಾವಾನುಭಾವಗಳು ಬೇಕೆಂದು ಬಲ್ಲವರಿಗೆ ಇದು ಹೊಸ ಮಾತಲ್ಲ. ನಡೆಯ ಚೆಲುವು ಯಂತ್ರದಲ್ಲಿಯೂ ಇರಬಹುದು. ಆದರೆ ನಡೆಗೆ ತೆತ್ತ ಬೆಲೆಯು ಮನುಷ್ಯನಲ್ಲಿ ಮಾತ್ರ ಇರುತ್ತದೆ, ಸಹೃದಯನು ಓದುವುದು ಆ ಬೆಲೆಯನ್ನು. ಬಂಡಿಯು ಓಟಗಾರನಿಗಿಂತ ವೇಗವಾಗಿ ಹೋಗುತ್ತದೆಂದು ಓಟದ ಪಂದ್ಯಗಳು ನಿಂತುಹೋಗಿಲ್ಲ. ಚದುರಂಗವೂ ನಿಂತಿಲ್ಲ. 2024ರ ಡಿಸೆಂಬರಿನಲ್ಲಿ ಚೆನ್ನೈ ನಗರದ ಗುಕೇಶ್ ಎಂಬ 18 ವರ್ಷದ ತರುಣನು ಸಿಂಗಪುರದಲ್ಲಿ ಚೀನದ ಡಿಂಗ್ ಲಿರೆನ್ ಅವರನ್ನು ಗೆದ್ದು ಜಗಜ್ಜೇತನಾದನು. 22ನೆಯ ವಯಸ್ಸಿನಲ್ಲಿ ಆ ಪದವಿಗೇರಿದ್ದ ಕ್ಯಾಸ್ಪರೋವ್ ಅವರ ದಾಖಲೆಯು ಹೀಗೆ ಮುರಿಯಿತು. ಆ ತರುಣನಿಗೆ ಗುರುವು ಬಹುಕಾಲ ಯಂತ್ರದ ನೆರವಿಲ್ಲದೆಯೇ ಪಾಠ ಹೇಳಿದರೆಂಬುದು ಪ್ರಸಿದ್ಧ. ಮೊದಲು ತನ್ನ ಕಣ್ಣಿನಿಂದ ಮಣೆಯನ್ನು ನೋಡಲು ಕಲಿಯಲಿ ಎಂಬ ಈ ವಿವೇಕವು, 1997ರ ಎರಡನೆಯ ಆಟದಲ್ಲಿ ಮಹಾಪ್ರವೀಣನೊಬ್ಬನು ಯಾವುದನ್ನು ಮರೆತು ಸೋತನೋ ಅದನ್ನೇ ನೆನಪಿಗೆ ತರುತ್ತದೆ.

‘ಡೀಪ್ ಥಿಂಕಿಂಗ್’ ಗ್ರಂಥವನ್ನು ಭವಿಷ್ಯವಾಣಿಯೆಂದು ಓದಿದವರಿಗೆ ನಿರಾಶೆಯಾದೀತು. ಸಾಕ್ಷ್ಯವೆಂದು ಓದಿದವರಿಗೆ ಅದು ಕೈಬಿಡಲಾಗದ ಪುಸ್ತಕ. ಚದುರಂಗವನ್ನು ಅರಿಯದವರೂ ಇದನ್ನು ಓದಬಹುದು, ಏಕೆಂದರೆ ನಡೆಗಳ ವಿವರವು ಎಲ್ಲಿಯೂ ಕಥೆಯನ್ನು ಮುಚ್ಚುವುದಿಲ್ಲ. ಮಕ್ಕಳಿಗೆ ಗೆಲ್ಲುವುದನ್ನು ಕಲಿಸುವ ಪುಸ್ತಕಗಳು ಮನೆಗಳಲ್ಲಿ ಬೇಕಾದಷ್ಟಿವೆ. ಸೋತಮೇಲೆ ಲೆಕ್ಕವನ್ನು ಹೇಗೆ ಒಪ್ಪಿಸಬೇಕು, ಎಷ್ಟನ್ನು ಎದುರಾಳಿಯ ಖಾತೆಗೆ ಹಾಕಬೇಕು, ಎಷ್ಟನ್ನು ತನ್ನ ಖಾತೆಗೆ ಬರೆದುಕೊಳ್ಳಬೇಕು ಎಂಬುದನ್ನು ಕಲಿಸುವವು ಕೆಲವೇ. ಆ ಕೆಲವುಗಳ ಸಾಲಿನಲ್ಲಿ ಇದಕ್ಕೆ ಸ್ಥಳವುಂಟು.